ಆರು ಚುಕ್ಕಿಗಳು ಮತ್ತು ನಾವು ಕಣ್ಣುಳ್ಳವರು



ಕಳೆದ ತಿಂಗಳು ನಮ್ಮ ಬಂಧುಗಳೊಬ್ಬರ ಗೃಹಪ್ರವೇಶದಲ್ಲಿ ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ನಡೆದ ಮಾತುಕತೆಯೇ ಈ ಲೇಖನಕ್ಕೆ ಕಾರಣ. ಅಲ್ಲಿದ್ದವರಲ್ಲಿ ಹಲವರು ಇದನ್ನು ಓದುತ್ತೀರಿ ಎಂಬುದು ನನಗೆ ಗೊತ್ತು. ಅಂದು ಎಲೆಯ ಮುಂದೆ ವಾದಕ್ಕಿಳಿಯುವುದು ಸಲ್ಲದೆಂದು ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ.

ನನ್ನ ತಂಗಿಯ ಮೊಮ್ಮಗಳಿಗೆ ಈಗ ಏಳು ವರ್ಷ. ಅವಳ ದೃಷ್ಟಿ ಕುಂದುತ್ತಿದೆ. ದೊಡ್ಡಕ್ಷರದ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದ ಮಗುವಿಗೆ ಈಗ ಅದೂ ಕಷ್ಟವಾಗಿದೆ. ವೈದ್ಯರು ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದಾರೆ. ಜನವರಿಯಿಂದ ವಾರಕ್ಕೆರಡು ದಿನ ಅವಳನ್ನು ಬ್ರೈಲ್ ಕಲಿಸುವವರೊಬ್ಬರ ಬಳಿಗೆ ಕಳಿಸುತ್ತಿದ್ದಾರೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಅದನ್ನು ಮುಂದುವರಿಸಬೇಕೇ ಬಿಡಬೇಕೇ ಎಂಬುದು ತೀರ್ಮಾನವಾಗಬೇಕಾಗಿದೆ. ಅಂದಿನ ಪಂಕ್ತಿಯಲ್ಲಿ ಬಹುಮತ ಹೇಳಿದ್ದು ಇಷ್ಟು: "ಈಗಿನ ಕಾಲದಲ್ಲಿ ಬ್ರೈಲ್ ಯಾಕೆ? ಮೊಬೈಲೇ ಎಲ್ಲವನ್ನೂ ಓದಿ ಹೇಳುತ್ತೆ. ಪಾಪ, ಮಗುವಿಗೆ ಯಾಕೆ ಇನ್ನೊಂದು ಹಿಂಸೆ?"

ಮಾತಾಡಿದವರೆಲ್ಲರೂ ಮಗುವಿನ ಮೇಲಿನ ಮಮತೆಯಿಂದಲೇ ಮಾತಾಡಿದರು. ಆದರೆ ಅಲ್ಲಿದ್ದ ನಾವೆಲ್ಲರೂ ಕಣ್ಣುಳ್ಳವರು. ಈ ಸಂಗತಿ ನನ್ನನ್ನು ಇನ್ನೂರು ವರ್ಷಗಳ ಹಿಂದಿನ ಪ್ಯಾರಿಸ್ಸಿಗೆ ಎಳೆದೊಯ್ದಿತು.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಜನವರಿ 4ರ ಆಸುಪಾಸಿನಲ್ಲಿ ಪ್ರಾರ್ಥನೆಯ ಹೊತ್ತಿಗೆ ನಾನು ಲೂಯಿ ಬ್ರೈಲನ ಕತೆ ಹೇಳುತ್ತಿದ್ದೆ. ಫ್ರಾನ್ಸಿನ ಕೂಪ್‌ವ್ರೆ ಎಂಬ ಹಳ್ಳಿ. ಕುದುರೆಯ ಜೀನು, ಲಗಾಮುಗಳನ್ನು ಹೊಲಿಯುವ ತಂದೆ. 1809ರಲ್ಲಿ ಹುಟ್ಟಿದ ಮಗು ಮೂರನೆಯ ವಯಸ್ಸಿನಲ್ಲಿ ಅಪ್ಪನ ಕೆಲಸದ ಕೋಣೆಯಲ್ಲಿ ಮೊನಚಾದ ಸಲಕರಣೆಯೊಂದನ್ನು ಹಿಡಿದು ಆಡುವಾಗ ಕಣ್ಣಿಗೆ ತಿವಿದುಕೊಂಡಿತು, ಸೋಂಕು ಇನ್ನೊಂದು ಕಣ್ಣಿಗೂ ಹರಡಿ ಐದು ವರ್ಷಕ್ಕೆಲ್ಲ ಪೂರ್ಣ ಕುರುಡಾಯಿತು, ಮುಂದೆ ಹದಿನೈದನೆಯ ವಯಸ್ಸಿಗೆ ಅದೇ ಹುಡುಗ ಅಂಧರಿಗಾಗಿ ಲಿಪಿಯನ್ನು ಕಂಡುಹಿಡಿದ. ಇಷ್ಟು ಹೇಳಿ, "ಕಣ್ಣಿಲ್ಲದವನೇ ಇಷ್ಟು ಸಾಧಿಸಿದ, ಕಣ್ಣಿರುವ ನೀವು ಮನೆಪಾಠವನ್ನೂ ಮಾಡುವುದಿಲ್ಲ" ಎಂದು ಬೈದು ಮುಗಿಸುತ್ತಿದ್ದೆ. ನಿವೃತ್ತಿಯ ನಂತರ ಬಿಡುವಾಗಿ ಓದಿದ ಮೇಲೆ ತಿಳಿದದ್ದು, ನಾನು ಕತೆಯ ಮುಖ್ಯ ಭಾಗವನ್ನೇ ಬಿಟ್ಟು ಹೇಳುತ್ತಿದ್ದೆ ಎಂದು. ಆ ಭಾಗದಲ್ಲಿ ನಾವು ಅಧ್ಯಾಪಕರು ಬರುತ್ತೇವೆ, ಅಷ್ಟೇನೂ ಶೋಭೆ ತರುವಂತೆ ಅಲ್ಲ.

ಮೊದಲಿಗೆ ಒಳ್ಳೆಯವರ ವಿಷಯ. ವ್ಯಾಲೆಂಟಿನ್ ಹೌಯಿ ಎಂಬ ಸಹೃದಯಿ 1771ರಲ್ಲಿ ಪ್ಯಾರಿಸ್ಸಿನ ಜಾತ್ರೆಯೊಂದರಲ್ಲಿ ಕುರುಡರಿಗೆ ವಿದೂಷಕರ ವೇಷ ಹಾಕಿಸಿ ಜನ ನಗುತ್ತಿದ್ದುದನ್ನು ಕಂಡು ನೊಂದ. ಮುಂದೆ ಅಂಧಬಾಲಕರಿಗಾಗಿ ಶಾಲೆ ತೆರೆದ. ಒದ್ದೆ ಕಾಗದವನ್ನು ದೊಡ್ಡ ದೊಡ್ಡ ಅಚ್ಚುಗಳ ಮೇಲೆ ಒತ್ತಿ, ರೋಮನ್ ಅಕ್ಷರಗಳು ಕಾಗದದ ಮೇಲೆ ಉಬ್ಬಿ ನಿಲ್ಲುವಂತೆ ಪುಸ್ತಕಗಳನ್ನು ಮಾಡಿಸಿದ. ಜಗತ್ತಿನಲ್ಲಿ ಅಂಧರಿಗೆ ಪುಸ್ತಕವೆಂಬುದು ದೊರೆತದ್ದು ಹೀಗೆ. ಆದರೆ ಆ ಅಕ್ಷರಗಳು ಕಣ್ಣಿಗಾಗಿ ಹುಟ್ಟಿದವು. ಒಂದೊಂದರ ಸುತ್ತಲೂ ಬೆರಳಾಡಿಸಿ ಇದು ಯಾವುದೆಂದು ಊಹಿಸುವಷ್ಟರಲ್ಲಿ ವಾಕ್ಯದ ಆರಂಭ ಮರೆತುಹೋಗುತ್ತಿತ್ತು. ಪುಸ್ತಕಗಳು ಭಾರ, ದುಬಾರಿ, ಹೀಗಾಗಿ ಸಂಖ್ಯೆಯೂ ಅತ್ಯಲ್ಪ. ಎಲ್ಲಕ್ಕಿಂತ ಮಿಗಿಲಾದ ಕೊರತೆಯೆಂದರೆ ಅದರಲ್ಲಿ ಓದಬಹುದಿತ್ತು, ಬರೆಯುವಂತಿರಲಿಲ್ಲ. 1819ರಲ್ಲಿ ಹತ್ತು ವರ್ಷದ ಬ್ರೈಲ್ ಆ ಶಾಲೆಗೆ ಸೇರಿದಾಗ ಇದ್ದ ಸ್ಥಿತಿ ಇದು.

ಎರಡನೆಯವನು ಶಾರ್ಲ್ ಬಾರ್ಬಿಯೆ, ಸೈನ್ಯದಲ್ಲಿದ್ದವನು. ಇವನಿಗೆ ನಮ್ಮ ಕತೆಗಳಲ್ಲಿ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ. ಕತ್ತಲಲ್ಲಿ ದೀಪ ಹಚ್ಚದೆ ಸೈನಿಕರು ಆಜ್ಞೆ ಓದಲೆಂದು ನೆಪೋಲಿಯನ್ನನ ಅಪ್ಪಣೆಯಂತೆ ಇವನು "ರಾತ್ರಿಲಿಪಿ"ಯನ್ನು ರಚಿಸಿದನೆಂದು ನಾನೂ ಹೇಳುತ್ತಿದ್ದೆ. ಆ ಕತೆಗೆ ಗಟ್ಟಿ ಆಧಾರವಿಲ್ಲವೆಂದು, ಶಾಲೆಯ ಮುಖ ಕಾಣದವರೂ ಓದಿ ಬರೆಯುವಂತಾಗಲಿ ಎಂಬುದೇ ಅವನ ನಿಜವಾದ ಹಂಬಲವಾಗಿತ್ತೆಂದು ಇತ್ತೀಚಿನ ಸಂಶೋಧಕರು ಹೇಳುತ್ತಾರೆ. ಗೆರೆಗಳನ್ನು ಬಿಟ್ಟು ಚುಕ್ಕಿಗಳನ್ನು ಹಿಡಿದದ್ದು ಇವನು. ಕಾಗದವನ್ನು ಚೌಕಟ್ಟಿಗೆ ಸಿಕ್ಕಿಸಿ ಮೊಳೆಯಂಥ ಕಡ್ಡಿಯಿಂದ ಚುಚ್ಚಿ ಬರೆಯುವ ಉಪಕರಣವೂ ಇವನದೇ. ಫ್ರೆಂಚಿನ 36 ಧ್ವನಿಗಳನ್ನು ಆರು ಸಾಲು, ಆರು ಮನೆಗಳ ಕೋಷ್ಟಕದಲ್ಲಿಟ್ಟು, ಎರಡು ಕಂಬಸಾಲುಗಳ ಚುಕ್ಕಿಗಳಿಂದ ಯಾವ ಸಾಲು, ಯಾವ ಮನೆ ಎಂದು ಸೂಚಿಸುವುದು ಅವನ ಕ್ರಮ. 1821ರಲ್ಲಿ ಇದು ಶಾಲೆಗೆ ಬಂತು. ಹುಡುಗರು ಮುಗಿಬಿದ್ದು ಕಲಿತರು.

ಹನ್ನೆರಡರ ಹರೆಯದ ಬ್ರೈಲ್ ಅದರ ಗುಣವನ್ನೂ ದೋಷವನ್ನೂ ಕಂಡುಕೊಂಡ. ಗುಣ ಚುಕ್ಕಿ. ದೋಷಗಳು ಎರಡು. ಒಂದಕ್ಷರಕ್ಕೆ ಹನ್ನೆರಡು ಚುಕ್ಕಿಗಳವರೆಗೆ ಬೇಕಾಗುತ್ತಿದ್ದು ಅದು ಬೆರಳ ತುದಿಯ ಅಳತೆಯನ್ನು ಮೀರುತ್ತಿತ್ತು. ಬೆರಳನ್ನು ಮೇಲೆ ಕೆಳಗೆ ಆಡಿಸಬೇಕಾಗುತ್ತಿತ್ತು. ಎರಡನೆಯದಾಗಿ, ಅದು ಧ್ವನಿಯನ್ನು ಮಾತ್ರ ಬರೆಯುತ್ತಿತ್ತು. ಕಾಗುಣಿತವಿಲ್ಲ, ವಿರಾಮಚಿಹ್ನೆಯಿಲ್ಲ, ಅಂಕಿಯಿಲ್ಲ, ಸಂಗೀತದ ಸ್ವರಗಳಿಲ್ಲ. "ಕೇಳಿದಂತೆ ಬರೆದುಕೋ, ನಿನಗೆ ಅಷ್ಟು ಸಾಕು" ಎಂಬ ಏರ್ಪಾಡು. ಹುಡುಗನಿಗೆ ಅದು ಸಾಕೆನಿಸಲಿಲ್ಲ. ಪಂಕ್ತಿಯಲ್ಲಿದ್ದ ನನ್ನ ಬಂಧುಗಳು ದಯವಿಟ್ಟು ಈ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

1824ರ ಹೊತ್ತಿಗೆ ಅವನು ಹನ್ನೆರಡನ್ನು ಆರಕ್ಕಿಳಿಸಿದ. ಎರಡು ಕಂಬಸಾಲು, ಒಂದೊಂದರಲ್ಲಿ ಮೂರು ಚುಕ್ಕಿ. ಬೆರಳ ತುದಿಗೆ ಒಂದೇ ಸ್ಪರ್ಶದಲ್ಲಿ ಇಡೀ ಅಕ್ಷರ ಸಿಗುತ್ತದೆ. ಆರು ಚುಕ್ಕಿಗಳ ಸಂಯೋಗದಿಂದ 63 ಗುರುತುಗಳು ಹುಟ್ಟುತ್ತವೆ. ಅವನ್ನು ಜೋಡಿಸಿದ ಕ್ರಮವೂ ಅಷ್ಟೇ ಅಂದ. ಮೊದಲ ಹತ್ತು ಅಕ್ಷರಗಳು ಮೇಲಿನ ನಾಲ್ಕು ಚುಕ್ಕಿಗಳಲ್ಲೇ ಮುಗಿಯುತ್ತವೆ, ಅದೇ ಹತ್ತಕ್ಕೆ ಕೆಳಗಿನ ಒಂದು ಚುಕ್ಕಿ ಸೇರಿಸಿದರೆ ಮುಂದಿನ ಹತ್ತು. ಹತ್ತನ್ನು ಕಲಿತವನಿಗೆ ಇಪ್ಪತ್ತು ಬಂದಂತೆಯೇ. ನಾನು ಬಿ.ಎಡ್. ಓದುವಾಗ "ತಿಳಿದದ್ದರಿಂದ ತಿಳಿಯದ್ದರ ಕಡೆಗೆ" ಎಂಬ ಸೂತ್ರವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಈ ಹುಡುಗ ಅದನ್ನು ಮಾಡಿಯೇ ತೋರಿಸಿದ್ದ. 1829ರಲ್ಲಿ ಪುಸ್ತಕವಾಗಿ ಪ್ರಕಟಿಸಿದಾಗ ಮೂಲ ಕಲ್ಪನೆ ಬಾರ್ಬಿಯೆಯದೆಂದು ಅವನು ವಿನಯದಿಂದ ಒಪ್ಪಿಕೊಂಡಿದ್ದಾನೆ. ವಿಪರ್ಯಾಸವೆಂದರೆ, ಚುಕ್ಕಿಲಿಪಿಯನ್ನು ಪರಿಚಯಿಸಿದ ಆ ಪುಸ್ತಕವೇ ಉಬ್ಬಿದ ರೋಮನ್ ಅಕ್ಷರಗಳಲ್ಲಿ ಅಚ್ಚಾಗಿತ್ತು.

ನಾನು ಮಕ್ಕಳಿಗೆ ಹೇಳದೆ ಬಿಟ್ಟ ಭಾಗ ಇನ್ನು ಮುಂದಿನದು. ಬ್ರೈಲ್ ಅದೇ ಶಾಲೆಯಲ್ಲಿ ಅಧ್ಯಾಪಕನಾದ. ಅವನನ್ನು ಬೆಂಬಲಿಸಿದ ಮುಖ್ಯಸ್ಥ ಪಿನ್ಯೆಯನ್ನು 1840ರಲ್ಲಿ ಹೊರಗೆ ಹಾಕಿ ದ್ಯುಫೋ ಎಂಬವನು ಆ ಸ್ಥಾನಕ್ಕೆ ಬಂದ. ದ್ಯುಫೋ ಚುಕ್ಕಿಲಿಪಿಯನ್ನು ನಿಷೇಧಿಸಿದ. ಹಳೆಯ ಪುಸ್ತಕಗಳನ್ನು ಸುಡಿಸಿದನೆಂದೂ ಹುಡುಗರು ಕದ್ದುಮುಚ್ಚಿ ಚುಕ್ಕಿಗಳಲ್ಲೇ ಬರೆದುಕೊಳ್ಳುತ್ತಿದ್ದರೆಂದೂ ಬ್ರೈಲನ ಜೀವನಚರಿತ್ರೆಗಳು ಹೇಳುತ್ತವೆ. ಅಂಧರು ಬೇರೆ ಲಿಪಿ ಕಲಿತರೆ ಸಮಾಜದಿಂದ ಬೇರೆಯಾಗಿಬಿಡುತ್ತಾರೆ, ಎಲ್ಲರ ಲಿಪಿಯೇ ಅವರಿಗೂ ಇರಲಿ ಎಂಬುದು ಆ ಕಾಲದ ಕಣ್ಣುಳ್ಳ ಶಿಕ್ಷಕರ ವಾದ. ಕೇಳಲು ಎಷ್ಟು ಉದಾರವಾಗಿದೆ ನೋಡಿ! ಆದರೆ ಅದರೊಳಗೆ ಇನ್ನೊಂದು ಮಾತು ಅಡಗಿತ್ತು: ನಾನು ಓದಲಾರದ್ದನ್ನು ನನ್ನ ಶಿಷ್ಯ ಓದಕೂಡದು. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನಾನು ಆ ಅಳುಕನ್ನು ಬಲ್ಲೆ.

ಕೊನೆಗೆ ಶಾಲೆಯಲ್ಲಿದ್ದ ಜೋಸೆಫ್ ಗ್ವಾದೆ ಎಂಬವನು ಮೇಲಧಿಕಾರಿಯ ಮನ ಒಲಿಸಿದ. 1844ರ ಫೆಬ್ರವರಿಯಲ್ಲಿ ಹೊಸ ಕಟ್ಟಡದ ಉದ್ಘಾಟನೆಯ ಸಮಾರಂಭದಲ್ಲಿ ಎಲ್ಲರೆದುರು ಚುಕ್ಕಿಲಿಪಿಯ ಪ್ರದರ್ಶನ ನಡೆಯಿತು. ಬ್ರೈಲ್ ಕ್ಷಯರೋಗದಿಂದ 1852ರ ಜನವರಿ 6ರಂದು, ನಲವತ್ತಮೂರು ತುಂಬಿದ ಎರಡೇ ದಿನಕ್ಕೆ ತೀರಿಕೊಂಡ. ಫ್ರಾನ್ಸ್ ಅವನ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿದ್ದು 1854ರಲ್ಲಿ. ನೂರು ವರ್ಷಗಳ ನಂತರ, 1952ರಲ್ಲಿ, ಅವನ ಅವಶೇಷಗಳನ್ನು ರಾಷ್ಟ್ರಪುರುಷರ ಸಮಾಧಿಮಂದಿರವಾದ ಪ್ಯಾಂಥಿಯಾನಿಗೆ ಒಯ್ದರು. ಕೈಗಳನ್ನು ಮಾತ್ರ ಹುಟ್ಟೂರು ತನ್ನಲ್ಲೇ ಉಳಿಸಿಕೊಂಡಿತು.

ನಮ್ಮ ದೇಶದ್ದು ಇನ್ನೊಂದು ಬಗೆಯ ಪಾಡು. ಇಲ್ಲಿ ಒಂದೊಂದು ಕಡೆ ಒಂದೊಂದು ಚುಕ್ಕಿಲಿಪಿ ಹುಟ್ಟಿಕೊಂಡು, ಒಬ್ಬರು ಅಚ್ಚು ಹಾಕಿದ್ದನ್ನು ಇನ್ನೊಬ್ಬರು ಓದುವಂತಿರಲಿಲ್ಲ. ಸ್ವಾತಂತ್ರ್ಯಾನಂತರ ಭಾರತ ಸರ್ಕಾರ ಯುನೆಸ್ಕೋದ ನೆರವು ಕೇಳಿತು. ಆ ಕೆಲಸದ ಮುಂದಾಳತ್ವ ವಹಿಸಿದ ಕ್ಲೂಥಾ ಮೆಕೆಂಜಿ ಸ್ವತಃ ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ನ್ಯೂಜಿಲೆಂಡಿನವರು. 1951ರಲ್ಲಿ ಬೈರೂತಿನ ಸಮ್ಮೇಳನದ ನಂತರ ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ "ಭಾರತಿ ಬ್ರೈಲ್" ನೆಲೆಗೊಂಡಿತು. ಒಂದೇ ಧ್ವನಿಗೆ ಎಲ್ಲ ಭಾಷೆಗಳಲ್ಲೂ ಒಂದೇ ಗುರುತು, ಸಾಧ್ಯವಾದ ಕಡೆಯಲ್ಲೆಲ್ಲ ಇಂಗ್ಲಿಷಿನ ಗುರುತೇ. ಕನ್ನಡದ "ಕಮಲ"ವನ್ನು ಇಂಗ್ಲಿಷಿನ ಕೆ, ಎಮ್, ಎಲ್ ಚುಕ್ಕಿಗಳಲ್ಲೇ ಬರೆಯುತ್ತಾರೆ.

ಕನ್ನಡ ಪಾಠ ಮಾಡಿದವನಾದ್ದರಿಂದ ಇಲ್ಲಿ ತುಸು ನಿಲ್ಲಲು ಅಪ್ಪಣೆ ಕೊಡಿ. ಬ್ರೈಲಿನಲ್ಲಿ ಕೊಂಬಿಲ್ಲ, ತಲಕಟ್ಟಿಲ್ಲ, ಅಡಿಯಲ್ಲಿ ನೇತಾಡುವ ಒತ್ತಿಲ್ಲ. "ಕಿ" ಎಂದರೆ ಕ, ಅದರ ಪಕ್ಕ ಇ. ಒತ್ತಕ್ಷರ ಬಂದಾಗ ಮುಂದಿನ ವ್ಯಂಜನ ಸ್ವರಹೀನ ಎಂದು ತಿಳಿಸುವ ಒಂಟಿ ಚುಕ್ಕಿ ಮೊದಲು, ಆಮೇಲೆ ಅಕ್ಷರಗಳು. "ರಾಷ್ಟ್ರ" ಎಂಬುದು ರ, ಆ, ಚುಕ್ಕಿ, ಷ, ಚುಕ್ಕಿ, ಟ, ರ ಎಂದು ಏಳು ಮನೆಗಳಲ್ಲಿ ಸಾಲಾಗಿ ನಿಲ್ಲುತ್ತದೆ. ನಾನು ಕಪ್ಪುಹಲಗೆಯ ಮೇಲೆ ವರ್ಷವಿಡೀ ಬಿಡಿಸಿ ತೋರಿಸುತ್ತಿದ್ದ ಅಕ್ಷರವಿಂಗಡಣೆ ಆ ಮಕ್ಕಳ ಬೆರಳಿನಲ್ಲಿ ಮೊದಲ ದಿನದಿಂದಲೇ ಇರುತ್ತದೆ!

ಈಗ ಹೇಳಲೇಬೇಕಾದ, ಇದುವರೆಗೆ ಬರೆಯಲು ಧೈರ್ಯವಾಗದಿದ್ದ ಒಂದು ಸಂಗತಿ.

1990ರ ಸುಮಾರಿನಲ್ಲಿ ನನ್ನ ಎಂಟನೆಯ ತರಗತಿಗೆ ಕಣ್ಣು ಕಾಣದ ಹುಡುಗನೊಬ್ಬ ಬಂದ. ಅವನ ಹೆಸರು ಹೇಳುವುದಿಲ್ಲ, ಅವನ ಸಹಪಾಠಿಗಳಿಗೆ ತಿಳಿಯುತ್ತದೆ. ಬ್ರೈಲ್ ಕಲಿತಿರಲಿಲ್ಲ. ಅಸಾಧ್ಯ ನೆನಪಿನ ಶಕ್ತಿ. ಪಾಠವನ್ನು ಒಮ್ಮೆ ಕೇಳಿದರೆ ಒಪ್ಪಿಸಿಬಿಡುತ್ತಿದ್ದ. ಅವನನ್ನು ಮೈಸೂರಿನ ಅಂಧರ ಶಾಲೆಗೆ ಸೇರಿಸಿ ಎಂದು ತಂದೆತಾಯಿಗೆ ಒಮ್ಮೆ ಹೇಳಿದೆ. "ಅಷ್ಟು ದೂರ ಹೆಂಗೆ ಕಳಿಸೋದು ಮೇಷ್ಟ್ರೇ" ಎಂದರು. ಎರಡನೆಯ ಸಲ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಅವನು ನನ್ನ ತರಗತಿಯಲ್ಲಿರುವುದು ನನಗೆ ಹೆಮ್ಮೆಯ ವಿಷಯವಾಗಿತ್ತು. ತಪಾಸಣೆಗೆ ಬಂದವರ ಮುಂದೆ ಅವನನ್ನು ನಿಲ್ಲಿಸಿ ಹಳಗನ್ನಡ ಪದ್ಯ ಹೇಳಿಸುತ್ತಿದ್ದೆ. ಪಕ್ಕದ ಹುಡುಗರು ಓದಿ ಹೇಳುತ್ತಿದ್ದರು, ಪರೀಕ್ಷೆಯಲ್ಲಿ ಇನ್ನೊಬ್ಬರು ಬರೆಯುತ್ತಿದ್ದರು. ಎಸ್.ಎಸ್.ಎಲ್.ಸಿ. ಎರಡನೆಯ ದರ್ಜೆಯಲ್ಲಿ ಪಾಸಾದ. ಶಾಲೆಯಲ್ಲಿ ಅವನಿಗೆ ಹಾರ ಹಾಕಿದೆವು.

ಇಪ್ಪತ್ತು ವರ್ಷಗಳ ನಂತರ ಅವನಿಂದ ಒಂದು ಇ-ಮೇಲ್ ಬಂತು. ಮಾತನಾಡುವ ಕಂಪ್ಯೂಟರ್ ಕಲಿತಿದ್ದ, ತಾನೇ ಕೀಲಿ ಒತ್ತಿ ಬರೆದ ಮೊದಲ ಕನ್ನಡ ಪತ್ರ. "ಅದ್ಯಾಪಕರಿಗೆ ರುದಯಪೂರ್ವಕ ನಮಸ್ಕಾರಗಳು" ಎಂದು ಆರಂಭವಾಗಿತ್ತು. ಇಡೀ ಪತ್ರ ಹಾಗೆಯೇ ಇತ್ತು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವಿಲ್ಲ, ಶಕಾರ ಷಕಾರಗಳ ಗುರುತಿಲ್ಲ, ಪದ ಎಲ್ಲಿ ಒಡೆಯಬೇಕೆಂಬುದು ಗೊತ್ತಿಲ್ಲ. ನಾವು ದಿನನಿತ್ಯ ಆಡುವ ಕನ್ನಡದಲ್ಲಿ ಈ ಭೇದಗಳು ಕಿವಿಗೆ ಬೀಳುವುದೇ ಇಲ್ಲವಲ್ಲ! ನಾನು ಉತ್ತರಿಸುವಾಗ ಮೃದುವಾಗಿ ಒಂದೆರಡು ತಿದ್ದಿದೆ. ಅವನು ದೂರವಾಣಿ ಮಾಡಿ ಹೇಳಿದ: "ಸಾರ್, ಮೂರು ವರ್ಷ ನಿಮ್ಮ ಕನ್ನಡ ಕ್ಲಾಸಲ್ಲಿ ಕೂತೆ. ಹೃದಯ ಅನ್ನೋದನ್ನ ಹೇಗೆ ಬರೀತಾರೆ ಅಂತ ಒಂದು ಸಲಾನೂ ಮುಟ್ಟಿ ನೋಡಲಿಲ್ಲ." ದೂರಲಿಲ್ಲ, ನಗುತ್ತಲೇ ಹೇಳಿದ. ಕನ್ನಡದಲ್ಲಿ ನಾನು ಕೊಟ್ಟಿದ್ದ ಅಂಕಗಳೆಲ್ಲ ಅಂದು ನನಗೆ ಸುಳ್ಳಾಗಿ ತೋರಿದವು. ಪದ್ಯ ಹೇಳಿಸಿ ಹೆಮ್ಮೆಪಟ್ಟವನು ನಾನು, ಅಕ್ಷರ ಕಳೆದುಕೊಂಡವನು ಅವನು.

ಆದ್ದರಿಂದಲೇ "ಮೊಬೈಲ್ ಓದುತ್ತೆ" ಎಂಬ ಮಾತಿಗೆ ನನ್ನ ಆಕ್ಷೇಪ. ಮೊಬೈಲ್ ಓದುತ್ತದೆ, ನಿಜ. ಆಗ ಓದುವುದು ಮೊಬೈಲೇ ಹೊರತು ಮಗುವಲ್ಲ. ನಮ್ಮ ಇತರ ಮೊಮ್ಮಕ್ಕಳೂ ಮೊಬೈಲಿನಲ್ಲಿ ಕತೆ ಕೇಳುತ್ತಾರೆ. ಹಾಗೆಂದು ಅವರಿಗೆ ಅಕ್ಷರಾಭ್ಯಾಸ ಬೇಡವೆಂದು ಯಾರಾದರೂ ಹೇಳಿದ್ದೀರಾ? ಅವರಿಗೆ ತಟ್ಟೆಯ ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸಿದವರು ನಾವೇ ಅಲ್ಲವೇ? ಬೀಜಗಣಿತದ ಒಂದು ಸಮೀಕರಣವನ್ನು ಯಾರಾದರೂ ಓದಿ ಹೇಳುವಾಗ ಕಿವಿಯಲ್ಲಿ ಹಿಡಿದಿಟ್ಟು ಬಿಡಿಸಲು ಯತ್ನಿಸಿ ನೋಡಿ. ಆವರಣ ಎಲ್ಲಿ ಮುಚ್ಚಿತೆಂಬುದೇ ಗೊತ್ತಾಗುವುದಿಲ್ಲ. ಧ್ವನಿಯ ಉಪಕಾರವನ್ನು ನಾನು ಅಲ್ಲಗಳೆಯುತ್ತಿಲ್ಲ. ನನ್ನ ಆ ಶಿಷ್ಯನಿಗೆ ಪತ್ರ ಬರೆಯುವ ಸ್ವಾತಂತ್ರ್ಯ ಕೊಟ್ಟದ್ದು ಮಾತನಾಡುವ ಕಂಪ್ಯೂಟರೇ. ಎರಡೂ ಇರಲಿ ಎನ್ನುತ್ತಿದ್ದೇನೆ.

ಇಲ್ಲೊಂದು ಒಳ್ಳೆಯ ಆಕ್ಷೇಪ ಬಂದಿತ್ತು. ನಮ್ಮ ಭಾವನವರು, "ವೇದ ಕಲಿತದ್ದೇ ಕಿವಿಯಿಂದ ಅಲ್ಲವೇನಯ್ಯಾ? ಗದಗಿನ ಗವಾಯಿಗಳು ಯಾವ ಪುಸ್ತಕ ನೋಡಿ ಹಾಡಿದರು?" ಎಂದರು. ತೂಕದ ಮಾತು. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಈ ನಾಡು ಕೈಮುಗಿಯುವ ಹೆಸರುಗಳು. ಆದರೆ ವೇದಪಾಠದಲ್ಲಿ ಪದಪಾಠ, ಕ್ರಮಪಾಠ, ಘನಪಾಠವೆಂದು ಒಂದೊಂದು ಪದವನ್ನೂ ಹಿಂದುಮುಂದಾಗಿ ತಿರುವಿ ತಿದ್ದುವ ಗುರು ಎದುರಿಗಿರುತ್ತಾನೆ. ಸಂಗೀತದಲ್ಲೂ ಅಷ್ಟೇ. ಅದು ಕೇಳುವಿಕೆಯ ಮಹಾಶಿಸ್ತು. ಮೊಬೈಲು ಶಿಷ್ಯನ ತಪ್ಪನ್ನು ತಿದ್ದುವುದಿಲ್ಲ, ಕೀಲಿ ಒತ್ತಿದಷ್ಟು ಓದಿ ಸುಮ್ಮನಾಗುತ್ತದೆ. ಇಷ್ಟಕ್ಕೂ ನಮ್ಮ ಹುಡುಗಿ ಬರೆಯಬೇಕಾದದ್ದು ಹತ್ತನೆಯ ತರಗತಿಯ ಗಣಿತ, ವಿಜ್ಞಾನ.

ಕಷ್ಟಗಳಿಲ್ಲವೆಂದು ನಾನು ಹೇಳಲಾರೆ. ಒಂದು ಪಠ್ಯಪುಸ್ತಕ ಬ್ರೈಲಿಗೆ ಬಂದರೆ ಹಲವು ದಪ್ಪ ಸಂಪುಟಗಳಾಗುತ್ತದೆ. ಚೆನ್ನಾಗಿ ಕಲಿಸುವವರು ಎಲ್ಲ ಊರುಗಳಲ್ಲೂ ಸಿಗುವುದಿಲ್ಲ. ಚುಕ್ಕಿಗಳು ತಾವೇ ಎದ್ದು ಇಳಿಯುವ ಯಂತ್ರಗಳು ಬಂದಿವೆ, ಕಂಪ್ಯೂಟರಿನಲ್ಲಿರುವುದನ್ನೆಲ್ಲ ಬೆರಳಿಗೆ ಕೊಡುತ್ತವೆ, ಆದರೆ ಅವುಗಳ ಬೆಲೆ ನಮ್ಮಂಥವರ ಕೈಗೆ ಸುಲಭವಾಗಿ ಎಟುಕುವಂಥದ್ದಲ್ಲ. ಇದೆಲ್ಲ ಖರ್ಚಿನ, ಓಡಾಟದ ಮಾತು. ಓಡಾಟಕ್ಕೆ ನಾನಿದ್ದೇನೆ, ವಾರಕ್ಕೆರಡು ದಿನ ಬಸ್ಸಿನಲ್ಲಿ ಅವಳನ್ನು ಕರೆದುಕೊಂಡು ಹೋಗಿಬರುವ ಹೊಣೆ ನನ್ನದು ಎಂದು ತಂಗಿಗೆ ಹೇಳಿದ್ದೇನೆ. ಖರ್ಚಿನ ವಿಷಯವನ್ನು ಪಂಕ್ತಿಯಲ್ಲಿ ಮಾತಾಡಿದ ಬಂಧುಗಳೊಡನೆ ಪ್ರತ್ಯೇಕವಾಗಿ ಮಾತಾಡುತ್ತೇನೆ, ಸಿದ್ಧರಾಗಿರಿ!

ಅರವತ್ತೇಳನೆಯ ವಯಸ್ಸಿನಲ್ಲಿ ನಾನೂ ಕಲಿಯತೊಡಗಿದ್ದೇನೆ. ಚೌಕಟ್ಟು, ಚುಚ್ಚುವ ಕಡ್ಡಿ, ದಪ್ಪ ಕಾಗದ ತಂದುಕೊಂಡಿದ್ದೇನೆ. ಕಾಗದದ ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ ಬರೆಯಬೇಕು, ಪ್ರತಿ ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು. ಕಾಗದ ಮಗುಚಿದಾಗ ಎಲ್ಲ ಸರಿಯಾಗುತ್ತದೆ. ಕಳೆದ ಭಾನುವಾರ "ಅಮ್ಮ" ಎಂದು ಬರೆದು ಬಹಳ ಹೆಮ್ಮೆಯಿಂದ ಅವಳ ಕೈಗಿಟ್ಟೆ. ಬಲದಿಂದ ಎಡಕ್ಕೆ ಬರೆದಿದ್ದೆ, ಅಕ್ಷರ ತಿರುಗಿಸುವುದನ್ನು ಮರೆತಿದ್ದೆ. ಅವಳು ಬೆರಳಾಡಿಸಿ ಬಿದ್ದು ಬಿದ್ದು ನಕ್ಕಳು. "ದೊಡ್ಡತಾತ, ಮೊದಲು ಒಂದು ಸುಮ್ಮನೆ ಚುಕ್ಕಿ ಇದೆ, ಆಮೇಲೆ ಅ, ಶ, ಶ. ಏನಿದು ಅಶಶ?"

ಆಮೇಲೆ ತಾನೇ ಏನನ್ನೋ ಟಕಟಕನೆ ಚುಚ್ಚಿ ನನ್ನ ಕೈಗೆ ಕೊಟ್ಟಳು. ನನ್ನ ಬೆರಳಿಗೆ ಎಲ್ಲವೂ ಮರಳಿನ ಕಾಗದದಂತೆ ಒಂದೇ ಸಮ ತಾಗಿತು. ಮೆಲ್ಲನೆ ಕಾಗದವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಸದ್ದಿನಿಂದಲೇ ಅವಳಿಗೆ ಗೊತ್ತಾಗಿರಬೇಕು.

"ದೊಡ್ಡತಾತ, ಕಣ್ಣಲ್ಲಿ ಓದ್ತಿದ್ದೀರಾ? ಮೋಸ!"